ನವೆಂಬರ್ ಒಂದು: ಒಂದೇ ತಾರೀಖು, ಹಲವು ಲೆಕ್ಕ

ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಬೇಕೆಂದು ಆಡಳಿತ ಮಂಡಳಿಯವರು ಕೇಳಿದಾಗ, ಏನು ಬರೆಯುವುದೆಂದು ನಾವು ನಾಲ್ಕಾರು ದಿನ ಯೋಚಿಸಿದೆವು. ಸಂಘದ ಲಾಭ ನಷ್ಟ, ಷೇರು ಬಂಡವಾಳ, ಹಾಲಿನ ಲೀಟರು, ಇವನ್ನೆಲ್ಲ ಕಾರ್ಯದರ್ಶಿಗಳು ವರದಿಯಲ್ಲಿ ಹೇಳಿಯೇ ಇರುತ್ತಾರೆ. ಕಡೆಗೆ ದಾರಿ ತೋರಿಸಿದ್ದು ಒಬ್ಬ ಹುಡುಗ. ಪ್ರತಿ ವರ್ಷ ನವೆಂಬರ್ 1ರ ಬೆಳಿಗ್ಗೆ ಹಾಲು ಅಳೆದು, ಕ್ಯಾನುಗಳನ್ನು ಗಾಡಿಗೆ ಏರಿಸಿದ ಮೇಲೆ ಡೈರಿ ಮುಂದೆ ಕನ್ನಡ ಬಾವುಟ ಏರಿಸಿ ಮಕ್ಕಳಿಗೆ ಪೆಪ್ಪರ್‌ಮೆಂಟು ಹಂಚುವುದು ನಮ್ಮಲ್ಲಿ ರೂಢಿ. ಹಾಗೆ ಬಂದವನು ಕೇಳಿದ: “ಇವತ್ತೇ ಯಾಕೆ ಹಬ್ಬ? ಇವತ್ತು ಏನಾಯ್ತು?” ಬಾವುಟ ಕಟ್ಟಿದವರೂ ಹಗ್ಗ ಎಳೆದವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. “ಕನ್ನಡ ರಾಜ್ಯ ಆಯ್ತು ಕಣೋ” ಅಂದೆವೇ ಹೊರತು ಅದಕ್ಕಿಂತ ಮುಂದೆ ಮಾತು ಹೊರಡಲಿಲ್ಲ. ಆವತ್ತು ಬಾಕಿ ಉಳಿಸಿಕೊಂಡ ಉತ್ತರವನ್ನು ಇಲ್ಲಿ ತೀರಿಸುತ್ತಿದ್ದೇವೆ.

ಈ ತಾರೀಖಿಗೆ ನಮ್ಮ ರಾಜ್ಯಕ್ಕಿಂತ ಹಳೆಯ ಚರಿತ್ರೆ ಇದೆ. 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಘೋಷಣೆಯನ್ನು ಓದಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಹೋಗಿ ಇಂಡಿಯಾ ದೇಶ ರಾಣಿಯ ಕೈಗೆ ಹೋಯಿತು. ರಾಜಮಹಾರಾಜರ ಜೊತೆ ಕಂಪನಿ ಮಾಡಿಕೊಂಡ ಕರಾರುಗಳನ್ನು ಪಾಲಿಸುತ್ತೇವೆಂದು ಅದರಲ್ಲಿ ಮಾತು ಕೊಟ್ಟಿದ್ದರು. ಆ ಹೊತ್ತಿಗೆ ನಮ್ಮ ಮೈಸೂರಿನಲ್ಲಿ ಮಹಾರಾಜರು ಹೆಸರಿಗೆ ಮಾತ್ರ; 1831ರಿಂದಲೇ ಇಂಗ್ಲಿಷ್ ಕಮಿಷನರುಗಳ ದರಬಾರು. ಕೊಟ್ಟ ಮಾತಿನಂತೆ ರಾಜ್ಯ ಒಡೆಯರ ಮನೆತನಕ್ಕೆ ವಾಪಸು ಬರಲು 1881ರವರೆಗೆ ಕಾಯಬೇಕಾಯಿತು. ಅದಿರಲಿ. ನಾವು ಹೇಳಹೊರಟಿದ್ದು 1956ರ ನವೆಂಬರ್ 1ರ ವಿಷಯ.

ಆ ದಿನದ ಕಥೆ ಶುರುವಾಗಬೇಕಾದದ್ದು ನಮ್ಮ ಕೆಂಗಲ್ಲಿನಿಂದಲೇ. ಬೆಂಗಳೂರು ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿ ಚನ್ನಪಟ್ಟಣ ಮುಟ್ಟುವ ಮೊದಲು ಸಿಗುವ ನಮ್ಮ ಆಂಜನೇಯಸ್ವಾಮಿಯನ್ನು ಯಾರಿಗೂ ಹೊಸದಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಯ್ಯನಗುಡಿಯ ದನಗಳ ಜಾತ್ರೆಯಲ್ಲಿ ಎತ್ತು ಕೊಂಡವರು, ಮಾರಿದವರು ಈ ಸಂಘದ ಸದಸ್ಯರಲ್ಲೇ ಬೇಕಾದಷ್ಟು ಜನ ಇದ್ದೀರಿ. ರಾಮನಗರದ ಹತ್ತಿರದ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಒಂದು ಒಕ್ಕಲು ಮನೆಯ ಮಗುವಿಗೆ ಈ ದೇವರ ಹೆಸರೇ ಬಂತು. ಆತನೇ ಮುಂದೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಲಾ ಮಾಡಿ, ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲು ಕಂಡು, 1952ರ ಮಾರ್ಚ್ 30ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು. ಕ್ಲೋಸ್‌ಪೇಟೆ ಅಂತ ದೊರೆಯೊಬ್ಬನ ಹೆಸರು ಹೊತ್ತಿದ್ದ ಊರನ್ನು ರಾಮನಗರ ಮಾಡಿದವರೂ ಅವರೇ. ವಿಧಾನಸೌಧ ಅಂದರೆ ಅವರು, ಅವರು ಅಂದರೆ ವಿಧಾನಸೌಧ ಎಂಬುದು ನಮ್ಮ ಜನರ ಬಾಯಲ್ಲಿ ನಿಂತಿದೆ. ಆದರೆ ಅವರ ಇನ್ನೊಂದು ದೊಡ್ಡ ಕೆಲಸವನ್ನು ನಮ್ಮ ಕಡೆಯವರೇ ಅಷ್ಟಾಗಿ ನೆನೆಯುವುದಿಲ್ಲ.

ಆಗ ಕನ್ನಡಿಗರು ಐದು ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆ ಮುಂಬಯಿ ಸರ್ಕಾರ. ಗುಲಬರ್ಗಾ, ರಾಯಚೂರು, ಬೀದರಿಗೆ ಹೈದರಾಬಾದು. ಮಂಗಳೂರಿಗೂ ಕೊಳ್ಳೇಗಾಲಕ್ಕೂ ಮದರಾಸು. ಕೊಡಗು ಬೇರೆ. ಇತ್ತ ನಮ್ಮದು ಮೈಸೂರು. ಎಲ್ಲರೂ ಒಂದಾಗಬೇಕೆಂದು ಉತ್ತರದ ಕಡೆ ದಶಕಗಳಿಂದ ಹೋರಾಟ ನಡೆದಿತ್ತು. 1953ರಲ್ಲಿ ಅದರಗುಂಚಿ ಶಂಕರಗೌಡರು ಇದಕ್ಕಾಗಿಯೇ ಉಪವಾಸ ಕೂತಿದ್ದರು. ಅವರಿಗೆಲ್ಲ ಇದು ಬದುಕಿನ ಪ್ರಶ್ನೆ.

ನಮ್ಮ ಕಡೆ ಮಾತ್ರ ಹಾಗಿರಲಿಲ್ಲ. ನಿಜ ಹೇಳಲು ನಾಚಿಕೆ ಏಕೆ? ನಮಗೆ ಕನ್ನಂಬಾಡಿ ಕಟ್ಟೆ ಇತ್ತು, ಶಿವನಸಮುದ್ರದ ಕರೆಂಟು 1902ರಿಂದಲೇ ಇತ್ತು, 1916ರ ಯೂನಿವರ್ಸಿಟಿ ಇತ್ತು, ಭದ್ರಾವತಿ ಕಾರ್ಖಾನೆ ಇತ್ತು. “ಇರೋ ಮುದ್ದೆಗೆ ಇನ್ನಷ್ಟು ಜನ ಕೈ ಹಾಕಿದರೆ ನಮಗೆ ಉಳಿಯೋದೇನು?” ಎಂದು ಕಟ್ಟೆ ಮೇಲೆ ಕೂತು ಮಾತಾಡಿದ ಹಿರಿಯರ ಮೊಮ್ಮಕ್ಕಳೇ ನಾವು. ರಾಜ್ಯ ದೊಡ್ಡದಾದರೆ ಅಧಿಕಾರ ನಮ್ಮ ಭಾಗದ, ನಮ್ಮ ಜನರ ಕೈ ತಪ್ಪುತ್ತದೆ ಎಂಬ ಭಯವೂ ಇತ್ತು. ಒಂದರ ಬದಲು ಎರಡು ಕನ್ನಡ ರಾಜ್ಯಗಳಿರಲಿ ಎಂಬ ವಾದವೂ ಎದ್ದಿತ್ತು. 1955ರಲ್ಲಿ ಫಜಲ್ ಅಲಿ ಆಯೋಗದ ವರದಿ ಬಂದಾಗ ವಿಧಾನಸಭೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಹನುಮಂತಯ್ಯನವರು ತಮ್ಮ ಭಾಗದವರ ಮಾತಿಗೆ ತಲೆಯಾಡಿಸಿದ್ದರೆ ಅವರಿಗೆ ಅದು ಸುಲಭದ ದಾರಿ. ಅವರು ಹಾಗೆ ಮಾಡಲಿಲ್ಲ. ಒಂದೇ ಕನ್ನಡ ರಾಜ್ಯ ಆಗಬೇಕೆಂದು ಸಭೆಯಲ್ಲಿ ಎದ್ದು ನಿಂತು ಹೇಳಿದರು. ಹೊಸ ರಾಜ್ಯದಲ್ಲಿ ತಮ್ಮ ಕುರ್ಚಿ ಉಳಿಯುವುದು ಕಷ್ಟ ಎಂಬ ಲೆಕ್ಕ ಅಂಥ ಬುದ್ಧಿವಂತರಿಗೆ ಗೊತ್ತಿರಲಿಲ್ಲ ಎಂದು ನಾವು ನಂಬುವುದಿಲ್ಲ. ಕುರ್ಚಿ ಅಲ್ಲಿಯವರೆಗೂ ನಿಲ್ಲಲಿಲ್ಲ. ಶಾಸಕಾಂಗ ಪಕ್ಷದೊಳಗೇ ವಿಶ್ವಾಸ ಕಳೆದುಕೊಂಡು 1956ರ ಆಗಸ್ಟ್ 19ರಂದು ಇಳಿದರು. ಅದಕ್ಕೆ ಏಕೀಕರಣ ಒಂದೇ ಕಾರಣ ಅಂದರೆ ತಪ್ಪಾಗುತ್ತದೆ. ವಿಧಾನಸೌಧದ ಖರ್ಚಿನ ಗಲಾಟೆ ಇತ್ತು, ಪಕ್ಷದ ಒಳಜಗಳ ಇತ್ತು, ಅವರ ಗಟ್ಟಿ ಸ್ವಭಾವವೂ ಇತ್ತು. ಅದಾಗಿ 12 ದಿನಕ್ಕೆ, ಆಗಸ್ಟ್ 31ರಂದು, ರಾಜ್ಯ ಪುನರ್ವಿಂಗಡಣೆ ಕಾಯ್ದೆಗೆ ಅಂಕಿತ ಬಿತ್ತು. ನವೆಂಬರ್ 1 ಎಂದು ದಿನ ಗೊತ್ತಾಯಿತು. ನಡುವೆ ಕಡಿದಾಳು ಮಂಜಪ್ಪನವರು ಅಕ್ಟೋಬರ್ 31ರವರೆಗೆ ಮುಖ್ಯಮಂತ್ರಿ. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. ಕೆಂಗಲ್ ಇಳಿದದ್ದಕ್ಕೂ ಹೊಸ ರಾಜ್ಯ ಹುಟ್ಟಿದ್ದಕ್ಕೂ ಅಂತರ ಬರೀ 74 ದಿನ. ಅವರು ಕಟ್ಟಿಸಿದ ವಿಧಾನಸೌಧದಲ್ಲೇ ಡಿಸೆಂಬರ್ 19ರಂದು ಬೀದರಿನವರು, ಬೆಳಗಾವಿಯವರು, ಮಂಗಳೂರಿನವರು ಎಲ್ಲರೂ ಒಟ್ಟಿಗೆ ಕೂತು ಮೊದಲ ಸಭೆ ಮಾಡಿದರು.

ಆ ದಿನ ನಮ್ಮ ಮಗ್ಗುಲಲ್ಲೇ ಆದ ಬದಲಾವಣೆ ಕೇಳಿ. ಕನಕಪುರದ ಸಂಗಮದಲ್ಲಿ ಅರ್ಕಾವತಿ ಕಾವೇರಿಗೆ ಸೇರುತ್ತದಲ್ಲ, ಅಲ್ಲಿ ನಿಂತು ಕಾವೇರಿಯ ಆಚೆ ದಡ ನೋಡಿದರೆ ಕಾಣುವುದು ಆಗಿನ ಕೊಳ್ಳೇಗಾಲ ತಾಲ್ಲೂಕು, ಅಂದರೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆ. ಈಚೆಗೂ ರೇಷ್ಮೆ, ಆಚೆಗೂ ರೇಷ್ಮೆ. ಈಚೆಗೂ ಕನ್ನಡ, ಆಚೆಗೂ ಕನ್ನಡ. ಸರ್ಕಾರ ಮಾತ್ರ ಬೇರೆ. ಅಕ್ಟೋಬರ್ 31ರ ರಾತ್ರಿ ಮದರಾಸಿನಲ್ಲಿ ಮಲಗಿದ ಕೊಳ್ಳೇಗಾಲದವರು ಬೆಳಿಗ್ಗೆ ಎದ್ದದ್ದು ಮೈಸೂರು ರಾಜ್ಯದಲ್ಲಿ.

ಕಾಸರಗೋಡಿನವರು ಎದ್ದದ್ದು ಕೇರಳದಲ್ಲಿ. ಕೇರಳ ಹುಟ್ಟಿದ್ದೂ ಅದೇ ನವೆಂಬರ್ 1ರಂದು. ನಮ್ಮೂರಿನಲ್ಲಿ ನಾವು ಪೆಪ್ಪರ್‌ಮೆಂಟು ಹಂಚುವ ದಿನ ಅಲ್ಲಿನ ಕನ್ನಡಿಗರಿಗೆ ಮನೆ ಪಾಲಾದ ದಿನ. ಕಯ್ಯಾರ ಕಿಞ್ಞಣ್ಣ ರೈಗಳು ಈ ನೋವನ್ನು ಕೊನೆಯವರೆಗೂ ಹೊತ್ತರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ನಮಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ತಾಳವಾಡಿಗಳೂ ಹೊರಗೇ ಉಳಿದವು. ಆ ಹುಡುಗನಿಗೆ ಇದನ್ನೂ ಹೇಳಬೇಕಿತ್ತು ಅನಿಸುತ್ತದೆ.

ಅದೇ ತಾರೀಖಿನಲ್ಲಿ ಆಂಧ್ರಪ್ರದೇಶ, ಮಧ್ಯಪ್ರದೇಶ ಹುಟ್ಟಿದವು. 1966ರಲ್ಲಿ ಹರಿಯಾಣ, 2000ದಲ್ಲಿ ಛತ್ತೀಸ್‌ಗಢ. ಅದಕ್ಕೂ ಮೊದಲು 1954ರಲ್ಲಿ ಪುದುಚೇರಿಯ ಆಡಳಿತ ಫ್ರೆಂಚರಿಂದ ನಮ್ಮ ದೇಶದ ಕೈಗೆ ಬಂದದ್ದೂ ನವೆಂಬರ್ 1ರಂದೇ. ಇನ್ನು ನಮ್ಮ ರಾಜ್ಯದ ಹೆಸರು. ಒಂದಾದರೂ ‘ಮೈಸೂರು’ ಎಂಬ ಹೆಸರೇ 17 ವರ್ಷ ಉಳಿಯಿತು. ಮುಂಬಯಿ, ಹೈದರಾಬಾದು ಕಡೆಯಿಂದ ಬಂದವರಿಗೆ ಅದು ಅತ್ತೆಮನೆ ಹೆಸರಿನ ಹಾಗೆ ಚುಚ್ಚುತ್ತಿತ್ತು. ದೇವರಾಜ ಅರಸರ ಕಾಲದಲ್ಲಿ 1973ರ ನವೆಂಬರ್ 1ರಂದು ಕರ್ನಾಟಕ ಎಂದಾಯಿತು. 2014ರ ಅದೇ ದಿನ ಬೆಂಗಳೂರು, ಮೈಸೂರು ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂದವು.

“ಇದಕ್ಕೂ ನಮ್ಮ ಸಂಘಕ್ಕೂ ಏನು ಸಂಬಂಧ?” ಎಂದು ಕೆಲವು ಸದಸ್ಯರು ಕೇಳಬಹುದು. ಇದೆ. 1956ರಲ್ಲಿ ರಾಜ್ಯ ಒಂದಾದರೂ ಸಹಕಾರ ಸಂಘಗಳು ಒಂದಾಗಿರಲಿಲ್ಲ. ಧಾರವಾಡದ ಕಡೆಯ ಸಂಘ ಮುಂಬಯಿಯ 1925ರ ಕಾಯ್ದೆಯಂತೆ ನಡೆಯುತ್ತಿತ್ತು. ಮಂಗಳೂರು, ಕೊಳ್ಳೇಗಾಲದ ಸಂಘಗಳಿಗೆ ಮದರಾಸಿನ 1932ರ ಕಾಯ್ದೆ, ಕೊಡಗಿಗೆ 1936ರದು, ನಮಗೆ ಮೈಸೂರಿನ 1948ರದು, ಗುಲಬರ್ಗಾಕ್ಕೆ ಹೈದರಾಬಾದಿನ 1952ರದು. ಒಂದೇ ರಾಜ್ಯದಲ್ಲಿ ಐದು ಬಗೆಯ ಕಾನೂನು! ಆಗಿನ ಸಹಕಾರ ಇಲಾಖೆಯವರ ತಲೆನೋವು ಹೇಗಿದ್ದಿರಬೇಕು. ಕಡೆಗೆ 1959ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಮಾಡಿ, 1960ರ ಜೂನ್ 1ರಿಂದ ಜಾರಿಗೆ ತಂದರು. ನಮ್ಮ ಕಡೆಯವರು ಬೇಡವೆನ್ನುತ್ತಿದ್ದ ಆ ಉತ್ತರದ ಸೀಮೆಯಲ್ಲೇ, ಗದಗಿನ ಕಣಗಿನಹಾಳದಲ್ಲಿ, ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದ್ದರು. ಕೈ ಹಾಕಲು ಬಂದವರು ಬರಿಗೈಲಿ ಬಂದಿರಲಿಲ್ಲ.

ಡೈರಿ ಒಳಗೆ ಫ್ಯಾಟು ನೋಡುವ ಮಿಷನ್ನಿನ ಮೇಲ್ಗಡೆ ಗೋಡೆಗೆ, ಗಾಜಿನ ಚೌಕಟ್ಟಿನಲ್ಲಿ ನಮ್ಮ ಸಂಘದ ನೋಂದಣಿ ಪತ್ರ ತೂಗುಹಾಕಿದೆ. 25 ವರ್ಷದಿಂದ ಅದರ ಕೆಳಗೇ ನಿಂತು ಬಟವಾಡೆ ತೆಗೆದುಕೊಂಡಿದ್ದೇವೆ. ಮುಂದಿನ ಸಾರಿ ಕ್ಯಾನು ಹಿಡಿದು ಬಂದಾಗ ಕತ್ತೆತ್ತಿ ಅದರ ಮೇಲಿನ ಸಾಲು ಓದಿ. ‘1959ರ ಕಾಯ್ದೆ’ ಎಂದಿದೆ.