ಹೇರೆತ್ತುಗಳ ಊರು, ನೀರಿಲ್ಲದ ಕೆರೆ

ಹೊಸಪೇಟೆಯ ದಕ್ಷಿಣಕ್ಕೆ ಎರಡು ಗುಡ್ಡಗಳನ್ನು ಸೇರಿಸುವ ಭಾರಿ ಏರಿಯೊಂದಿದೆ. ಅದರ ಹಿಂದಿನ ಕೆರೆ ಬತ್ತಿ ಎಷ್ಟೋ ಕಾಲವಾಗಿದೆ.

ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯ (1509–1529) ಕಟ್ಟಿಸಿದ ಈ ಊರು, ಗೋವೆಯ ಕಡೆಯಿಂದ ಬರುವ ವರ್ತಕರಿಗೆ ರಾಜಧಾನಿಯ ಹೆಬ್ಬಾಗಿಲಾಗಿತ್ತು. ದಿನಕ್ಕೆ 2,000 ಹೇರೆತ್ತುಗಳು ನಗರದ ಬಾಗಿಲು ದಾಟುತ್ತಿದ್ದವು, ಕೊಂಬಿಲ್ಲದ ಎತ್ತುಗಳಿಗೆ ಮಾತ್ರ ಸುಂಕವಿರಲಿಲ್ಲ ಎನ್ನುತ್ತವೆ ಪೋರ್ಚುಗೀಸರ ಬರಹಗಳು. ಸರಕು ಎತ್ತಿನ ಮೇಲೆ ಬಂದೀತು, ಹೊಲಗದ್ದೆಗೆ ಬೇಕಾದ ನೀರು ಬಂದೀತೇ? ಅದಕ್ಕೇ ಅರಸ ಕೆರೆ ಕಟ್ಟಿಸಿದ. ಕುದುರೆಗಳು ಬಂದ ಗೋವೆಯ ದಾರಿಯಲ್ಲೇ ಜೊಯಾವ್ ದೆ ಲಾ ಪೋಂತೆ ಎಂಬ ಪೋರ್ಚುಗೀಸ್ ಕಲ್ಲುಕೆಲಸಗಾರನೂ ಬಂದ.

1520ರ ಸುಮಾರಿಗೆ ಇಲ್ಲಿಗೆ ಬಂದ ಡೊಮಿಂಗೊ ಪಾಯೆಸ್, 15ರಿಂದ 20 ಸಾವಿರ ಆಳುಗಳು ಇರುವೆಗಳಂತೆ ದುಡಿಯುವುದನ್ನು ಕಂಡ. ಕಟ್ಟಿದ್ದು ಮತ್ತೆ ಮತ್ತೆ ಒಡೆದಾಗ 60 ಜನರನ್ನು ಬಲಿ ಕೊಡಲಾಯಿತೆಂದೂ ಬರೆದ. ಅವರು ಮರಣದಂಡನೆಗೆ ಅರ್ಹರಾದ ಕೈದಿಗಳೆಂದು ನೂನಿಜ್ ಹೇಳುತ್ತಾನೆ. ಕೆರೆಯ ಕೆಳಗಿನ ಭೂಮಿಯನ್ನು ರೈತರಿಗೆ 9 ವರ್ಷ ಕಂದಾಯವಿಲ್ಲದೆ ಬಿಟ್ಟುಕೊಟ್ಟದ್ದರಿಂದ ಆದಾಯ 20,000 ವರಹಕ್ಕೇರಿತಂತೆ.

ಈ ಒಣ ಕೆರೆಯೇ ಅದೆಂದು ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಗುರುತಿಸಿದರು. ಹಂಪಿಯ ಕಲ್ಲುಗಳಿಗೆ ಕಾವಲುಂಟು, ನೋಡಲು ಬರುವ ಜನವುಂಟು. ಕಲ್ಲಿನಲ್ಲಿ ಹೆಸರು ಬರೆಸಿಕೊಳ್ಳದ ಆ ಸಾವಿರಾರು ಆಳುಗಳಿಗೆ ಉಳಿದಿರುವ ಸ್ಮಾರಕ ಈ ಏರಿಯೊಂದೇ. ಅದರ ಬಗ್ಗೆ ಬಲ್ಲವರು ವಿರಳ.