ಕಿರುಕಣಜಗಳ ನಾಮಕರಣ: ಚಾಮರಾಜನಗರ ಸೀಮೆಯ ಹಿನ್ನೆಲೆಯಲ್ಲಿ ಒಂದು ಚಾರಿತ್ರಿಕ ಅವಲೋಕನ

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ನಾಲ್ಕನೆಯ ಸಂಪುಟವು 1898ರಲ್ಲಿ ಪ್ರಕಟವಾದಾಗ ಚಾಮರಾಜನಗರ, ಯಳಂದೂರು, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳಿಗೆ ಒಂದೊಂದು ಸಂಖ್ಯೆ ದೊರೆಯಿತು. ಹೊಲದ ಬದುವಿನಲ್ಲಿ ಬಿದ್ದಿದ್ದ ವೀರಗಲ್ಲೂ ಅಂದಿನಿಂದ ಯಾವ ವಿದ್ವಾಂಸನೂ ಹೆಸರಿಸಿ ಚರ್ಚಿಸಬಹುದಾದ ಆಕರವಾಯಿತು. ಅದೇ ಹೊಲದ ಪೈರಿನ ಮೇಲೆ ಬದುಕುತ್ತಿದ್ದ, ಕಣ್ಣಿಗೆ ಕಾಣುವುದೂ ಕಷ್ಟವಾದ ಪರತಂತ್ರ ಕಣಜಗಳಿಗೆ ಇಂತಹ ಯೋಗ ಬಹುಕಾಲ ಒದಗಲಿಲ್ಲ. ಬ್ರಿಟಿಷ್ ಭಾರತದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಬಿಂಗ್‌ಹ್ಯಾಮ್ 1897 ಮತ್ತು 1903ರಲ್ಲಿ ಕಣಜ, ಜೇನು, ಇರುವೆಗಳನ್ನು ವಿವರಿಸಿದರು. 1913ರಲ್ಲಿ ಕ್ಲಾಡ್ ಮಾರ್ಲಿ ಇಕ್ನ್ಯೂಮಾನಿಡ್ ಕುಟುಂಬದ ದೊಡ್ಡ ಪರತಂತ್ರ ಕಣಜಗಳನ್ನು ಕೈಗೆತ್ತಿಕೊಂಡರು. ಅವುಗಳಿಗಿಂತ ಕಿರಿದಾದ ಕ್ಯಾಲ್ಸಿಡ್ ಗುಂಪು ಆ ಮಾಲೆಯ ಹೊರಗೇ ಉಳಿಯಿತು. ಎಂ.ಎಸ್. ಮಾಣಿ ಅವರ ಕ್ಯಾಲ್ಸಿಡ್ ಸಂಪುಟಗಳು ಹೊರಬಂದದ್ದು 1989ರಲ್ಲಿ.

ಶಾಸನಕ್ಕೂ ಕೀಟಕ್ಕೂ ಇರುವ ಈ ಹೋಲಿಕೆ ಕೇವಲ ಆಲಂಕಾರಿಕವಲ್ಲ. ಹೊಸ ಜಾತಿಯೊಂದನ್ನು ವಿವರಿಸುವವನು ಒಂದು ನಿರ್ದಿಷ್ಟ ಮಾದರಿಯನ್ನು ಆಯ್ದು, ದೊರೆತ ಸ್ಥಳ, ದಿನಾಂಕ ಹಾಗೂ ಸಂಗ್ರಾಹಕನ ಹೆಸರನ್ನು ಬರೆದ ಚೀಟಿಯೊಡನೆ ಸಂಗ್ರಹಾಲಯದಲ್ಲಿ ಇರಿಸಬೇಕು. ಮುಂದೆ ಎಂದಾದರೂ ಸಂದೇಹ ಬಂದಲ್ಲಿ ಆ ಮೂಲ ಮಾದರಿಯೇ ಪ್ರಮಾಣ. ಶಾಸನದ ಪಾಠ ಸಂದೇಹಾಸ್ಪದವಾದಾಗ ಕಲ್ಲಿನ ಬಳಿಗೆ ಹಿಂದಿರುಗುವಂತೆ ಇಲ್ಲಿ ಸಂಗ್ರಹಾಲಯದ ಗಾಜಿನ ಪಟ್ಟಿಯ ಬಳಿಗೆ ಹಿಂದಿರುಗಬೇಕಾಗುತ್ತದೆ. ಚೀಟಿಯಲ್ಲಿರುವ ಊರಿನ ಹೆಸರನ್ನು ಓದುವಾಗಲೂ ಇತಿಹಾಸದ ಅರಿವು ಬೇಕು. ಕೊಳ್ಳೇಗಾಲವು 1956ರವರೆಗೆ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಚಾಮರಾಜನಗರ, ಗುಂಡ್ಲುಪೇಟೆಗಳು 1997ರವರೆಗೆ ಮೈಸೂರು ಜಿಲ್ಲೆಯಲ್ಲಿದ್ದವು. ಒಂದೇ ಬೆಟ್ಟಸಾಲಿನ ಎರಡು ಮಗ್ಗುಲುಗಳು ಹಳೆಯ ಕಾಗದಪತ್ರಗಳಲ್ಲಿ ಎರಡು ಆಡಳಿತಗಳ ಹೆಸರಿನಲ್ಲಿ ಹಂಚಿಹೋಗಿವೆ.

ಹೆಸರಿನ ಪ್ರಶ್ನೆ ವ್ಯಾವಹಾರಿಕ ಮಹತ್ವ ಪಡೆದದ್ದು ಕಬ್ಬಿನ ಗದ್ದೆಯಲ್ಲಿ. ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಮಂಡ್ಯದಲ್ಲಿ ಸ್ಥಾಪನೆಯಾಯಿತು. ಕಬ್ಬಿನ ಬೇಸಾಯ ವಿಸ್ತರಿಸಿದಂತೆ ಕಾಂಡ ಕೊರೆಯುವ ಹುಳುಗಳ ಹಾವಳಿಯೂ ಚಿಂತೆಯ ವಿಷಯವಾಯಿತು. ಸಂಸ್ಥಾನದ ಕೀಟತಜ್ಞರಾದ ಟಿ.ವಿ. ಸುಬ್ರಹ್ಮಣ್ಯಂ ಅವರು ಟ್ರೈಕೊಗ್ರಾಮ ಎಂಬ ಕಣಜವನ್ನು ಹೇರಳವಾಗಿ ಸಾಕಿ ಈ ಹುಳುಗಳ ಮೇಲೆ ಬಿಡುವ ಪ್ರಾಥಮಿಕ ಪ್ರಯೋಗಗಳ ವರದಿಯನ್ನು 1937ರಲ್ಲಿ ಪ್ರಕಟಿಸಿದರು. ಈ ಕಣಜದ ಉದ್ದ ಸುಮಾರು ಅರ್ಧ ಮಿಲಿಮೀಟರ್. ಹೆಣ್ಣು ಕಣಜ ಪತಂಗದ ಮೊಟ್ಟೆಯನ್ನು ಚುಚ್ಚಿ ಅದರೊಳಗೆ ತನ್ನ ಮೊಟ್ಟೆಯಿಡುತ್ತದೆ. ಒಳಗಿನ ಮರಿ ಪತಂಗದ ಮೊಟ್ಟೆಯ ಸಾರವನ್ನೆಲ್ಲ ತಿಂದು ಬೆಳೆಯುತ್ತದೆ. ಮೊಟ್ಟೆ ಕಪ್ಪಾಗುತ್ತದೆ, ಹುಳುವಿನ ಬದಲು ಕಣಜ ಹೊರಬರುತ್ತದೆ. ಕಾಂಡ ಕೊರೆಯುವ ಹುಳು ಹುಟ್ಟುವ ಮುನ್ನವೇ ಮುಗಿಯುವುದರಿಂದ ರೈತನ ದೃಷ್ಟಿಯಲ್ಲಿ ಇದಕ್ಕಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ.

ಆದರೆ ಸಾಕಿ ಬಿಟ್ಟ ಕಣಜ ಯಾವುದು? ಆ ಕಾಲದ ಭಾರತೀಯ ಬರಹಗಳಲ್ಲಿ ಇಲ್ಲಿಯ ಟ್ರೈಕೊಗ್ರಾಮವನ್ನು ಸಾಮಾನ್ಯವಾಗಿ ಮೈನ್ಯೂಟಮ್ ಎಂದು ಕರೆಯಲಾಗುತ್ತಿತ್ತು. ಅದು ರೈಲಿ ಎಂಬ ವಿಜ್ಞಾನಿ 1871ರಲ್ಲಿ ಅಮೆರಿಕದ ಕಣಜಕ್ಕೆ ಇಟ್ಟ ಹೆಸರು. ಮುಂದೆ ಅದೇ ಕಣಜ ಇವಾನೆಸೆನ್ಸ್ ಎಂದಾಯಿತು. ಅನಂತರ ಗಿರಾಲ್ಟ್ 1912ರಲ್ಲಿ ಆಸ್ಟ್ರೇಲಿಯದ ಕಣಜಕ್ಕೆ ನೀಡಿದ್ದ ಆಸ್ಟ್ರಾಲಿಕಮ್ ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು. ಕೀಟ ಇಲ್ಲಿಯದೇ, ಹೆಸರುಗಳು ಮಾತ್ರ ಮೂರು ಖಂಡಗಳಿಂದ ಬಂದವು. ವಿದ್ವಾಂಸರ ಅಲಕ್ಷ್ಯ ಇದಕ್ಕೆ ಕಾರಣವಲ್ಲ. ಮೈಬಣ್ಣ, ಗಾತ್ರ, ಕುಡಿಮೀಸೆಯ ರೋಮಗಳು ಇವೇ ಅಂದು ಲಭ್ಯವಿದ್ದ ಲಕ್ಷಣಗಳು. ಅವಾದರೋ ಸಾಕಿದ ಉಷ್ಣತೆಗೂ ಆಶ್ರಯ ನೀಡಿದ ಮೊಟ್ಟೆಗೂ ಅನುಗುಣವಾಗಿ ಬದಲಾಗುತ್ತಿದ್ದವು. ಪರಿಣಾಮ ಮಾತ್ರ ಗಂಭೀರವಾಗಿತ್ತು. ಒಂದು ಊರಿನಲ್ಲಿ ಫಲ ನೀಡಿದ ಕಣಜ ಮತ್ತೊಂದೆಡೆ ಸೋತರೆ, ಸೋತದ್ದು ವಿಧಾನವೋ ಅಥವಾ ಒಂದೇ ಹೆಸರಿನ ಮರೆಯಲ್ಲಿದ್ದ ಬೇರೊಂದು ಜಾತಿಯೋ ಎಂದು ನಿರ್ಣಯಿಸುವ ಮಾರ್ಗವಿರಲಿಲ್ಲ. 1937ರ ಸುಮಾರಿನ ವರದಿಗಳನ್ನು ಇಂದು ಆಕರವಾಗಿ ಬಳಸುವ ಸಂಶೋಧಕರು ಅಲ್ಲಿಯ ಜಾತಿಯ ಹೆಸರನ್ನು ಅಂದಿನ ಅಭಿಪ್ರಾಯವೆಂದು ಸ್ವೀಕರಿಸಬೇಕೇ ಹೊರತು ನಿರ್ಣೀತ ಸಂಗತಿಯೆಂದಲ್ಲ.

ಈ ಗೊಂದಲ ಪರಿಹಾರವಾದದ್ದು ಬೆಂಗಳೂರಿನಲ್ಲಿ ಎಂಬುದು ಕರ್ನಾಟಕದ ವಿಜ್ಞಾನ ಚರಿತ್ರೆಯಲ್ಲಿ ಸಾಕಷ್ಟು ಗುರುತಿಸಲ್ಪಡದ ಸಂಗತಿ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರವು 1957ರಲ್ಲಿ ಅಲ್ಲಿ ಆರಂಭವಾಗಿತ್ತು. ಅಲ್ಲಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ 1960ರ ದಶಕದ ಕೊನೆಯಲ್ಲಿ ಎರಡು ದಾರಿಗಳಿಂದ ಸಮಸ್ಯೆಯನ್ನು ಸಮೀಪಿಸಿದರು. ಮೊದಲನೆಯದು ಸಂಕರ ಪ್ರಯೋಗ. ಕಣಜಗಳಲ್ಲಿ ಗಂಡಿನ ಸಂಪರ್ಕವಿಲ್ಲದ ಮೊಟ್ಟೆಯಿಂದ ಸಾಮಾನ್ಯವಾಗಿ ಗಂಡೇ ಹುಟ್ಟುತ್ತದೆ. ಫಲಿತ ಮೊಟ್ಟೆಯಿಂದ ಮಾತ್ರ ಹೆಣ್ಣು. ಆದ್ದರಿಂದ ಎರಡು ನೆಲೆಗಳ ಕಣಜಗಳನ್ನು ಕೂಡಿಸಿದಾಗ ಸಂತತಿಯಲ್ಲಿ ಹೆಣ್ಣು ಕಾಣಿಸದಿದ್ದರೆ ಅವು ಬೇರೆ ಬೇರೆ ಜಾತಿಗಳೆಂದು ಶಂಕಿಸಲು ಬಲವಾದ ಆಧಾರ ದೊರೆಯುತ್ತದೆ. ಎರಡನೆಯದು ಗಂಡು ಕಣಜದ ಜನನಾಂಗದ ರಚನೆ. ಅರ್ಧ ಮಿಲಿಮೀಟರ್ ಜೀವಿಯ ಈ ಭಾಗವನ್ನು ಗಾಜಿನ ಪಟ್ಟಿಯ ಮೇಲೆ ಸಿದ್ಧಗೊಳಿಸಿ ಸೂಕ್ಷ್ಮದರ್ಶಕದಡಿ ನೋಡಿದಾಗ, ಉಷ್ಣತೆಗೆ ಬದಲಾಗದ ಸ್ಥಿರ ಲಕ್ಷಣಗಳು ಅಲ್ಲಿ ಕಂಡವು. 1971ರಲ್ಲಿ ಅವರು ಈ ಲಕ್ಷಣದ ಆಧಾರದ ಮೇಲೆ ಹಳೆಯ ಜಾತಿಗಳನ್ನೇ ಮರುವಿವರಿಸಿದರು. ಜಗತ್ತಿನ ಟ್ರೈಕೊಗ್ರಾಮ ವರ್ಗೀಕರಣವು ಮುಂದೆ ಅದೇ ಜಾಡಿನಲ್ಲಿ ಸಾಗಿತು. ಭಾರತದ ಕಬ್ಬಿನ ಕಣಜದ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. 1976ರಲ್ಲಿ ಇಟಲಿಯ ವಿಜಿಯಾನಿ ಅದಕ್ಕೆ ಕನ್‌ಫ್ಯೂಸಮ್ ಎಂಬ ಅನ್ವರ್ಥವಾದ ಹೆಸರಿಟ್ಟರು. 1979ರಲ್ಲಿ ನಾಗರಕಟ್ಟಿ, ನಾಗರಾಜರೇ ಅದು ಜಪಾನಿನ ಇಶಿಯಿ 1941ರಲ್ಲಿ ವಿವರಿಸಿದ್ದ ಕಿಲೋನಿಸ್ ಜಾತಿಯೆಂದು ತೋರಿಸಿದರು. ಇಂದು ಕೃಷಿ ಇಲಾಖೆಯ ಕೈಪಿಡಿಗಳಲ್ಲಿರುವುದು ಈ ಹೆಸರೇ.

ಇದೇ ಜೋಡಿ 1970ರಲ್ಲಿ ವಿವರಿಸಿದ ಜಾತಿಗಳಲ್ಲಿ ಟ್ರೈಕೊಗ್ರಾಮ ಅಕೀಯೆ ಒಂದು. ಹರಳು ಗಿಡದ ಕೊಂಡಲಿ ಹುಳುವಿನ ಕುಲನಾಮವಾದ ಅಕೀಯ ಎಂಬುದರಿಂದ ಈ ಹೆಸರು ಬಂದಿದೆ. ದಕ್ಷಿಣ ಅಮೆರಿಕ ಮೂಲದ ಟೊಮೇಟೊ ಕೀಟ ಟ್ಯೂಟ ಆಬ್ಸಲ್ಯೂಟ 2006ರಲ್ಲಿ ಸ್ಪೇನ್ ದೇಶವನ್ನು ಪ್ರವೇಶಿಸಿದಾಗ ಅಲ್ಲಿಯ ಹಸಿರುಮನೆಗಳಲ್ಲಿ ಅದರ ಮೊಟ್ಟೆಗಳ ಮೇಲೆ ಬಿಡಲಾದದ್ದು ಈ ಜಾತಿಯ ಕಣಜವನ್ನು. 2014ರಲ್ಲಿ ಆ ಕೀಟ ಭಾರತಕ್ಕೂ ಬಂದಿತು. ಟೊಮೇಟೊ, ತರಕಾರಿಗಳನ್ನು ಬೆಳೆದು ಕೇರಳದ ಮಾರುಕಟ್ಟೆಯನ್ನು ನೆಚ್ಚಿರುವ ಗುಂಡ್ಲುಪೇಟೆಯಂತಹ ತಾಲ್ಲೂಕಿಗೆ ಇದು ಸಣ್ಣ ಸುದ್ದಿಯಲ್ಲ. ನಾಲ್ಕು ದಶಕಗಳ ಹಿಂದೆ ಹರಳಿನ ಹುಳುವಿನ ನೆನಪಿನಲ್ಲಿ ಹೆಸರಾದ ಜೀವಿ ಆ ವೇಳೆಗೆ ಟೊಮೇಟೊ ಬೆಳೆಯ ರಕ್ಷಕನೆಂದು ಪರಿಚಿತವಾಗಿತ್ತು. ಜಾತಿ ವಿವರಣೆಯನ್ನು ಉಪಯೋಗವಿಲ್ಲದ ಪಾಂಡಿತ್ಯವೆಂದು ಕಡೆಗಣಿಸುವವರಿಗೆ ಈ ನಿದರ್ಶನವೊಂದೇ ಸಾಕು. ಬೆಂಗಳೂರಿನ ಕಾರ್ಯಪರಂಪರೆ 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವಾಗಿ, 2009ರಲ್ಲಿ ಮತ್ತು 2014ರಲ್ಲಿ ಮತ್ತೆ ಹೆಸರು ಬದಲಿಸಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯಾಗಿ ಮುಂದುವರಿದಿದೆ.

ಹೊಲದ ಕಣಜಗಳಿಗೆ ಹೆಸರು ದೊರೆತದ್ದು ಬೆಳೆಯ ನೆಪದಿಂದ. ಕಾಡಿನ ಕಣಜಗಳಿಗೆ ಅಂತಹ ನೆಪವಿರಲಿಲ್ಲ. ಬಿಳಿಗಿರಿರಂಗನ ಬೆಟ್ಟವು ಬಹುಕಾಲ ಬೇಟೆಯ ಬರಹಗಳಿಂದಲೂ ಆನೆ, ಕಾಟಿಗಳಿಂದಲೂ ಹೆಸರಾಗಿತ್ತು. 1974ರಲ್ಲಿ ಅದು ವನ್ಯಜೀವಿಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯನ್ವಯ ಅಲ್ಲಿಯ ಸೋಲಿಗರ ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳು ದೊರೆತವು. ಬೆಟ್ಟದಲ್ಲಿ ದೀರ್ಘಕಾಲದಿಂದ ಕ್ಷೇತ್ರಕಾರ್ಯ ನಡೆಸಿಕೊಂಡು ಬಂದ ಬೆಂಗಳೂರಿನ ಅಟ್ರೀ ಸಂಸ್ಥೆಯ ಎ.ಪಿ. ರಂಜಿತ್, ಧರ್ಮರಾಜನ್ ಪ್ರಿಯದರ್ಶನನ್ ಅವರ ತಂಡ 2022ರಲ್ಲಿ ಅಲ್ಲಿಂದ ಪರತಂತ್ರ ಕಣಜದ ಹೊಸ ಕುಲವೊಂದನ್ನೇ ಪ್ರಕಟಿಸಿ, ಆ ಜನಸಮುದಾಯದ ಗೌರವಾರ್ಥ ಅದಕ್ಕೆ ಸೋಲಿಗ ಎಂದು ಹೆಸರಿಟ್ಟಿತು. ಕುಲದ ಜಾತಿ ಸೋಲಿಗ ಇಕ್ಯಾರಿನೇಟ. ಇದು ಇಕ್ನ್ಯೂಮಾನಿಡ್ ಕುಟುಂಬದ ಮೆಟೋಪಿಯಿನೆ ಉಪಕುಟುಂಬಕ್ಕೆ ಸೇರಿದ್ದು. ಈ ಉಪಕುಟುಂಬದ ಕಣಜಗಳು ಪತಂಗ, ಚಿಟ್ಟೆಗಳ ಮರಿಹುಳುವಿನಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳು ಕೋಶವಾಗುವವರೆಗೆ ಕಾದು ಕೋಶದಿಂದ ಹೊರಬರುತ್ತವೆ.

ದ್ವಿಪದ ನಾಮದ ಎರಡು ಪದಗಳೂ ವಿವೇಚನಾರ್ಹ. ಇಕ್ಯಾರಿನೇಟ ಎಂಬ ಲ್ಯಾಟಿನ್ ಪದಕ್ಕೆ ಏಣಿಲ್ಲದ್ದು ಎಂದರ್ಥ. ಈ ಗುಂಪಿನ ಇತರ ಕಣಜಗಳ ಮೈಮೇಲೆ ಕಾಣುವ ಕೆಲವು ಏಣುಗೆರೆಗಳು ಇದರಲ್ಲಿಲ್ಲ. ಸೋಲಿಗ ಎಂಬ ಕನ್ನಡ ನೆಲದ ಪದವು ಲ್ಯಾಟಿನ್ ವ್ಯಾಕರಣದಲ್ಲಿ ಸ್ತ್ರೀಲಿಂಗವಾಗಿ ನಿಂತು ವಿಶೇಷಣವನ್ನೂ ಸ್ತ್ರೀಲಿಂಗಕ್ಕೆ ತಿರುಗಿಸಿಕೊಂಡಿದೆ. ವಸಾಹತುಕಾಲದ ನಾಮಕರಣಗಳಲ್ಲಿ ಅಧಿಕಾರಿಗಳ, ತೋಟದ ಮಾಲೀಕರ, ದೂರದ ಸಂಗ್ರಹಕಾರರ ಹೆಸರುಗಳೇ ಹೆಚ್ಚು. ಕಾಡಿನಲ್ಲಿ ದಾರಿ ತೋರಿಸಿದವರು ಚೀಟಿಯ ಮೇಲೂ ಬರುತ್ತಿದ್ದುದು ಅಪರೂಪ. ಆ ದೃಷ್ಟಿಯಿಂದ ಇದು ನ್ಯಾಯವಾದ ಆಯ್ಕೆ. ಆದರೂ ಸಮುದಾಯದ ಹೆಸರನ್ನು ಕೀಟಕ್ಕೆ ಇಡುವುದು ಒಂದು, ಕೀಟಗಳಿಗೆ ಆ ಸಮುದಾಯ ಇಟ್ಟ ಹೆಸರುಗಳನ್ನು ದಾಖಲಿಸುವುದು ಇನ್ನೊಂದು. ಜೇನನ್ನು ಬಗೆಬಗೆಯಾಗಿ ಬಲ್ಲ ಸೋಲಿಗರು ಕಾಡಿನ ಉಳಿದ ನೊಣ, ಹುಳು, ಕಣಜಗಳನ್ನು ಹೇಗೆ ವಿಂಗಡಿಸುತ್ತಾರೆಂಬ ಪ್ರಶ್ನೆಯನ್ನು ಕೀಟವಿಜ್ಞಾನಿಗಳೂ ಭಾಷಾವಿಜ್ಞಾನಿಗಳೂ ಒಟ್ಟಾಗಿ ಪೋಡುಗಳಿಗೆ ಕೊಂಡೊಯ್ಯಬೇಕಾಗಿದೆ.