ಪಿತ್ತನಾಳದ ಕ್ಯಾನ್ಸರಿನ ಪ್ರೋಟೀನ್ ಸೂಚಕಗಳು

ಪಿತ್ತನಾಳದ ಕ್ಯಾನ್ಸರಿನ ಪ್ರೋಟೀನ್ ಸೂಚಕಗಳು ಎಂದರೆ ಆ ರೋಗದ ಮುಂದಿನ ಗತಿಯನ್ನು ಅಂದಾಜು ಮಾಡಲು ರಕ್ತದಲ್ಲಿ ಅಥವಾ ಗಡ್ಡೆಯ ಅಂಗಾಂಶದಲ್ಲಿ ಪರೀಕ್ಷಿಸಲಾಗುವ ಪ್ರೋಟೀನುಗಳು ಹಾಗೂ ಅವುಗಳಿಗೆ ಅಂಟಿಕೊಂಡಿರುವ ಶರ್ಕರ ಅಣುಗಳು. ಯಕೃತ್ತಿನಿಂದ ಸಣ್ಣ ಕರುಳಿಗೆ ಪಿತ್ತರಸವನ್ನು ಸಾಗಿಸುವ ನಾಳಗಳ ಒಳಪದರದಲ್ಲಿ ಈ ಕ್ಯಾನ್ಸರ್ ಹುಟ್ಟುತ್ತದೆ. ಬಹುಪಾಲು ರೋಗಿಗಳಲ್ಲಿ ಇದು ತಡವಾಗಿ ಪತ್ತೆಯಾಗುವುದರಿಂದ, ಶಸ್ತ್ರಚಿಕಿತ್ಸೆಯ ಫಲವನ್ನು ಮುಂಚಿತವಾಗಿ ಊಹಿಸುವುದು ಮಹತ್ವದ್ದಾಗಿದೆ.

ರಕ್ತದಲ್ಲಿನ ಸೂಚಕಗಳು

ಹೆಚ್ಚು ಬಳಕೆಯಲ್ಲಿರುವ ಸೂಚಕ ಸಿಎ 19-9. ಇದು ಶುದ್ಧ ಪ್ರೋಟೀನಲ್ಲ. ಪ್ರೋಟೀನು ಮತ್ತು ಕೊಬ್ಬಿನ ಅಣುಗಳ ಮೇಲೆ ಕಂಡುಬರುವ ಶರ್ಕರ ರಚನೆ. ಶಸ್ತ್ರಚಿಕಿತ್ಸೆಗೆ ಮೊದಲು ಇದರ ಪ್ರಮಾಣ ಬಹಳ ಹೆಚ್ಚಿದ್ದರೆ ರೋಗ ಮರುಕಳಿಸುವ ಸಂಭವ ಹೆಚ್ಚು. ಸಿಇಎ ಎಂಬ ಇನ್ನೊಂದು ಸೂಚಕವನ್ನು ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ 1965ರಲ್ಲಿ ಕರುಳಿನ ಕ್ಯಾನ್ಸರಿನಲ್ಲಿ ಗುರುತಿಸಿದರು. ರಕ್ತದಲ್ಲಿ ಆಲ್ಬುಮಿನ್ ಕಡಿಮೆಯಾಗಿರುವುದೂ ಪ್ರತಿಕೂಲ ಲಕ್ಷಣವೇ.

ಅಂಗಾಂಶದಲ್ಲಿನ ಸೂಚಕಗಳು

ಗಡ್ಡೆಯ ತೆಳುವಾದ ಪದರಗಳಿಗೆ ಪ್ರತಿಕಾಯಗಳನ್ನು ಲೇಪಿಸಿ ಪ್ರೋಟೀನುಗಳನ್ನು ಗುರುತಿಸುತ್ತಾರೆ. ಜೀವಕೋಶಗಳ ವಿಭಜನೆಯ ವೇಗವನ್ನು ಕೆಐ-67 ತೋರಿಸುತ್ತದೆ. ಎಂಯುಸಿ1 ಮತ್ತು ಎಂಯುಸಿ4 ಎಂಬ ಲೋಳೆ ಪ್ರೋಟೀನುಗಳು ಹೆಚ್ಚಾಗಿದ್ದರೆ ಆಯುಷ್ಯ ಕಡಿಮೆಯಾಗುವ ಪ್ರವೃತ್ತಿ ಕಂಡುಬಂದಿದೆ. ಹೆಚ್‌ಇಆರ್2 ಪ್ರೋಟೀನಿನ ಪಾತ್ರ ಬೇರೆ: ಅದು ಯಾವ ಔಷಧ ಫಲಕಾರಿಯಾದೀತು ಎಂಬುದನ್ನು ಸೂಚಿಸುತ್ತದೆ. ಅದು ಅಧಿಕವಾಗಿರುವ ಪಿತ್ತಮಾರ್ಗದ ಕ್ಯಾನ್ಸರಿಗೆ ಜಾನಿಡಾಟಮ್ಯಾಬ್ ಎಂಬ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಕರ್ನಾಟಕದಲ್ಲಿ ಸಂಶೋಧನೆ

ಬೆಂಗಳೂರಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್‌ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆಯನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆರೋಗ್ಯವಂತ ಅಂಗಾಂಶಗಳ ಹಾಗೂ ಕೋಶಗಳ 30 ಮಾದರಿಗಳಲ್ಲಿ 17,294 ಜೀನುಗಳ ಪ್ರೋಟೀನುಗಳು ಅದರಲ್ಲಿ ದಾಖಲಾಗಿವೆ. ರೋಗಗ್ರಸ್ತ ಅಂಗಾಂಶವನ್ನು ಹೋಲಿಸಿ ನೋಡಲು ಇಂತಹ ನಕ್ಷೆ ಆಧಾರವಾಗುತ್ತದೆ. ಮಂಗಳೂರಿನ ಯೆನೆಪೋಯ ವಿಶ್ವವಿದ್ಯಾಲಯದಲ್ಲಿಯೂ ಪ್ರೋಟೀನುಗಳ ಸಾಮೂಹಿಕ ಅಧ್ಯಯನ ನಡೆಯುತ್ತದೆ.

ಮಿತಿಗಳು

ಪಿತ್ತನಾಳ ಮುಚ್ಚಿ ಕಾಮಾಲೆ ಉಂಟಾದಾಗ, ಅದು ಕಲ್ಲಿನಿಂದಲೇ ಆಗಿದ್ದರೂ, ಸಿಎ 19-9 ಏರುತ್ತದೆ. ಆದ್ದರಿಂದ ತಡೆ ನಿವಾರಣೆಯಾದ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ಉಚಿತ. ಲೂಯಿಸ್ ರಕ್ತಗುಂಪಿನ ಪ್ರತಿಜನಕವಿಲ್ಲದ ಕೆಲವರಲ್ಲಿ ಈ ಅಣು ಉತ್ಪತ್ತಿಯಾಗುವುದೇ ಇಲ್ಲ. ಅಂಥವರಲ್ಲಿ ಕ್ಯಾನ್ಸರ್ ಇದ್ದರೂ ಫಲಿತಾಂಶ ಸಹಜವೆಂದೇ ತೋರಬಹುದು. ಹೀಗಾಗಿ ಯಾವುದೇ ಒಂದು ಸಂಖ್ಯೆ ರೋಗಿಯ ಭವಿಷ್ಯವನ್ನು ನಿರ್ಣಯಿಸಲಾರದು. ರೋಗದ ಹಂತ, ದುಗ್ಧಗ್ರಂಥಿಗಳಿಗೆ ಹರಡಿರುವಿಕೆ ಹಾಗೂ ಗಡ್ಡೆಯನ್ನು ಪೂರ್ಣವಾಗಿ ತೆಗೆಯಲಾಗಿದೆಯೇ ಎಂಬುದರ ಜೊತೆಗೆ ಸೂಚಕಗಳನ್ನು ಪರಿಗಣಿಸಲಾಗುತ್ತದೆ.